ಟರ್ಬೊ ಕಾರಿನ ಫ್ಯುಯಲ್ ಸಿಸ್ಟಮ್: ಮೊದಲು ಲೆಕ್ಕ, ಆಮೇಲೆ ಪಾರ್ಟು

ಟರ್ಬೊ ಕಾರಿನ ಶಕ್ತಿ ಹೆಚ್ಚಿಸಲು ಹೊರಟವರು ಸಾಮಾನ್ಯವಾಗಿ ಮೊದಲು ದೊಡ್ಡ ಇಂಜೆಕ್ಟರ್ (ಪೆಟ್ರೋಲ್ ಸಿಂಪಡಿಸುವ ಭಾಗ) ಕೊಳ್ಳುತ್ತಾರೆ, ಆಮೇಲೆ ಹೆಸರಾಂತ ಪಂಪು. ವೈರಿಂಗ್ ನೆನಪಾಗುವುದು ಕಾರು ಶಕ್ತಿ ಅಳೆಯುವ ಡೈನೊ ಮೇಲೆ ನಿಂತಾಗ. ಇದು ತಲೆಕೆಳಗಾದ ಕ್ರಮ. ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ) ತುಂಬಿರುವಾಗ ಇಂಧನ ಕಡಿಮೆಯಾದರೆ ಇಂಜಿನ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ, ಸಿಲಿಂಡರಿನ ಬಿಸಿ ಏರಿ ಇಂಧನ ತಾನಾಗಿಯೇ ಸಿಡಿಯುವ ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯಲು ಕೆಲವೇ ಸೆಕೆಂಡು ಸಾಕು. ಆದ್ದರಿಂದ ಇಂಜಿನ್ನಿಗೆ ಎಷ್ಟು ಇಂಧನ ಬೇಕು ಎಂಬಲ್ಲಿಂದ ಹೊರಟು ಟ್ಯಾಂಕಿನ ಕಡೆಗೆ ಹಿಂದಕ್ಕೆ ಬರಬೇಕು.

ಇಲ್ಲಿ ಉದಾಹರಣೆಗೆ ತೆಗೆದುಕೊಂಡಿರುವುದು ನಾಲ್ಕು ಸಿಲಿಂಡರಿನ, ಪೋರ್ಟ್ ಇಂಜೆಕ್ಷನ್ (ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲಿ ಪೆಟ್ರೋಲ್ ಸಿಂಪಡಿಸುವ ಪದ್ಧತಿ) ಇರುವ ಟರ್ಬೊ ಪೆಟ್ರೋಲ್ ಇಂಜಿನ್. ನಮ್ಮಲ್ಲಿ ಸಿಕ್ಕುವವುಗಳಲ್ಲಿ ಮೊದಲ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಟರ್ಬೊ ಈ ಜಾತಿಯದು. ಗುರಿ ಇಂಜಿನ್ನಿನ ಕ್ರ್ಯಾಂಕಿನಲ್ಲಿ (ಚಕ್ರದಲ್ಲಲ್ಲ) 300 ಬಿಎಚ್‌ಪಿ, ಅಂದರೆ ಅಶ್ವಶಕ್ತಿ. ಅಷ್ಟು ಶಕ್ತಿಗೆ ಆ ಇಂಜಿನ್ನಿನ ಮೂಲ ಕನೆಕ್ಟಿಂಗ್ ರಾಡ್ ತಡೆಯುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಬೇರೆಯಾಗಿಯೇ ಬಗೆಹರಿಸಿಕೊಳ್ಳಿ. ಡೈರೆಕ್ಟ್ ಇಂಜೆಕ್ಷನ್ ಕಾರುಗಳ ವಿಷಯ ಕೊನೆಯಲ್ಲಿದೆ.

ಎಷ್ಟು ಇಂಧನ ಬೇಕು

ಪೆಟ್ರೋಲ್ ಟರ್ಬೊ ಇಂಜಿನ್ ಪೂರ್ತಿ ಬೂಸ್ಟಿನಲ್ಲಿ ಒಂದು ಬಿಎಚ್‌ಪಿಗೆ ಗಂಟೆಗೆ ಸುಮಾರು 270 ಗ್ರಾಂ ಪೆಟ್ರೋಲ್ ಕುಡಿಯುತ್ತದೆ. ಟರ್ಬೊ ಇಲ್ಲದ ಇಂಜಿನ್ನಿಗೆ 225 ಗ್ರಾಂ ಹಿಡಿದರೆ ಸಾಕು. 300 ಬಿಎಚ್‌ಪಿಗೆ 81 ಕಿಲೊ ಆಯಿತು. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 745 ಗ್ರಾಂ, ಹಾಗಾಗಿ ಗಂಟೆಗೆ 109 ಲೀಟರ್.

ಇದು ಎಥನಾಲ್ ಬೆರೆಯದ ಪೆಟ್ರೋಲಿನ ಲೆಕ್ಕ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಸಿಕ್ಕ ಇ20 (ಶೇ. 20 ಎಥನಾಲ್ ಬೆರೆತದ್ದು) ಈಗ ಸಾಮಾನ್ಯ ಬಂಕಿನ ಪೆಟ್ರೋಲ್. ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಇ20ಗೆ 13.5ರ ಆಸುಪಾಸು. ಅಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಲೀಟರಿನಲ್ಲಿ ಹೇಳುವುದಾದರೆ ಶೇ. 8ರಷ್ಟು. 109 ಹೋಗಿ 118 ಆಯಿತು. ಅಮೆರಿಕದಲ್ಲಿದ್ದು ಎಥನಾಲೇ ಹೆಚ್ಚಿರುವ ಇ85 ತುಂಬಿಸುವವರು ಶೇ. 8ರ ಬದಲು 40ಕ್ಕೂ ಸ್ವಲ್ಪ ಹೆಚ್ಚು ಸೇರಿಸಬೇಕು, ಅಲ್ಲಿಗೆ ಪಂಪು, ಇಂಜೆಕ್ಟರ್ ಎರಡೂ ಬೇರೆ ಅಳತೆಗೆ ಹೋಗುತ್ತವೆ.

ಇದರ ಮೇಲೆ ಶೇ. 20 ಮೀಸಲು ಇಟ್ಟುಕೊಳ್ಳಿ: ಸುಮಾರು 140 ಲೀಟರ್. ಫಿಲ್ಟರ್ ಕಟ್ಟಿಕೊಳ್ಳುತ್ತದೆ, ಪಂಪು ಸವೆಯುತ್ತದೆ, ಬೇಸಿಗೆಯಲ್ಲಿ ಟ್ಯಾಂಕಿನ ಪೆಟ್ರೋಲ್ ಕಾಯುತ್ತದೆ. ಮೀಸಲು ಇರುವುದು ಇವಕ್ಕೆ. ಇನ್ನೊಂದು ಕಾರಣವೂ ಇದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ, ಇಲ್ಲಿ ಗಾಳಿಯ ಒತ್ತಡ ಹತ್ತಿರ ಹತ್ತಿರ 0.91 ಬಾರ್. ಬರೀ ವೇಸ್ಟ್‌ಗೇಟ್ (ಬೂಸ್ಟಿಗೆ ಮಿತಿ ಹಾಕುವ ಕವಾಟ) ಸ್ಪ್ರಿಂಗಿನ ಮೇಲೆ 1.2 ಬಾರ್ ಬೂಸ್ಟ್ ಓಡಿಸುವ ಕಾರು ಮಂಗಳೂರಿಗೆ ಇಳಿದರೆ ಗೇಜ್ ಅದೇ 1.2 ತೋರಿಸಿದರೂ ಇಂಜಿನ್ ಶೇ. 5ರಷ್ಟು ಹೆಚ್ಚು ಗಾಳಿ ಎಳೆಯುತ್ತದೆ. ಇಲ್ಲಿ ಅಂಚಿನಲ್ಲಿದ್ದ ಇಂಜೆಕ್ಟರ್ ಅಲ್ಲಿ ಸಾಲದೆ ಹೋಗುತ್ತದೆ.

ಡೈನೊ ಚಕ್ರದ ಮೇಲೆ ತೋರಿಸಿದ ಅಂಕಿಯನ್ನು ಈ ಲೆಕ್ಕಕ್ಕೆ ನೇರವಾಗಿ ಹಾಕಬೇಡಿ. ಮುಂಚಕ್ರದ ಕಾರಿನಲ್ಲಿ ಕ್ರ್ಯಾಂಕಿನಿಂದ ಚಕ್ರಕ್ಕೆ ಬರುವಷ್ಟರಲ್ಲಿ ಶೇ. 15ರಷ್ಟು ಸೋರಿಕೆ ಎಂದು ಹಿಡಿಯುವುದು ರೂಢಿ.

ಇಂಜೆಕ್ಟರ್

118 ಲೀಟರನ್ನು ನಾಲ್ಕಕ್ಕೆ ಹಂಚಿದರೆ ಒಂದು ಇಂಜೆಕ್ಟರಿಗೆ ಗಂಟೆಗೆ 29.5 ಲೀಟರ್, ಅಂದರೆ ನಿಮಿಷಕ್ಕೆ 492 ಸಿಸಿ. ಇಂಜೆಕ್ಟರನ್ನು ಸದಾ ತೆರೆದೇ ಇಡುವಂತಿಲ್ಲ. ಡ್ಯೂಟಿ ಸೈಕಲ್, ಅಂದರೆ ಅದು ತೆರೆದಿರುವ ಸಮಯದ ಪಾಲು, ಶೇ. 80 ದಾಟದಂತೆ ನೋಡಿಕೊಂಡರೆ 615 ಸಿಸಿ ಬೇಕು. ಕೊಳ್ಳಬೇಕಾದ್ದು 630ರಿಂದ 650 ಸಿಸಿಯದು. ಡ್ಯೂಟಿ ಲೆಕ್ಕ ಹಾಕುವುದು ಸುಲಭ: ಇಸಿಯುವಿನ (ಇಂಜಿನ್ ನಡೆಸುವ ಕಂಪ್ಯೂಟರಿನ) ಲಾಗಿನಲ್ಲಿ, ಅಂದರೆ ದಾಖಲೆಯಲ್ಲಿ, ಕಾಣುವ ಪಲ್ಸ್ (ಇಂಜೆಕ್ಟರ್ ಒಮ್ಮೆ ತೆರೆದಿರುವ ಹೊತ್ತು) ಮಿಲಿಸೆಕೆಂಡನ್ನು ಆರ್‌ಪಿಎಂನಿಂದ ಗುಣಿಸಿ 1200ರಿಂದ ಭಾಗಿಸಿ. 6500 ಆರ್‌ಪಿಎಂನಲ್ಲಿ 15 ಮಿಲಿಸೆಕೆಂಡ್ ಇದ್ದರೆ ಶೇ. 81.

ಪೊಟ್ಟಣದ ಮೇಲಿನ ಸಿಸಿ ಸಾಮಾನ್ಯವಾಗಿ 3 ಬಾರ್ ಒತ್ತಡದ್ದು. ಒತ್ತಡ ಬದಲಾದರೆ ಹರಿವು ಅದರ ವರ್ಗಮೂಲದ ಪ್ರಕಾರ ಬದಲಾಗುತ್ತದೆ. 550 ಸಿಸಿ ಇಂಜೆಕ್ಟರನ್ನು 4 ಬಾರ್‌ನಲ್ಲಿ ಓಡಿಸಿದರೆ 635 ಸಿಸಿ ಕೊಡುತ್ತದೆ, ಆದರೆ ಆಗ ಪಂಪಿನ ಮೇಲೆ ಹೊರೆ ಏರುತ್ತದೆ. ಕೆಲವು ಕಾರುಗಳಲ್ಲಿ ಇಂಧನದ ಒತ್ತಡ ಹಿಡಿದಿಡುವ ರೆಗ್ಯುಲೇಟರ್ ಫಿಲ್ಟರಿನೊಳಗೋ ಟ್ಯಾಂಕಿನೊಳಗೋ ಇರುತ್ತದೆ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ರೇಲ್‌ನಿಂದ ಟ್ಯಾಂಕಿಗೆ ಮರಳುವ ರಿಟರ್ನ್ ಪೈಪೇ ಇರುವುದಿಲ್ಲ. ಅಂಥ ಕಡೆ ರೇಲ್‌ನಲ್ಲಿ 4 ಬಾರ್ ಸ್ಥಿರವಾಗಿದ್ದು ಗಾಳಿ ಬರುವ ಮ್ಯಾನಿಫೋಲ್ಡಿನಲ್ಲಿ 1.2 ಬಾರ್ ಬೂಸ್ಟ್ ಎದುರು ನೂಕುತ್ತಿದ್ದರೆ ಇಂಜೆಕ್ಟರಿಗೆ ಉಳಿಯುವುದು 2.8 ಬಾರ್ ಮಾತ್ರ. 640 ಸಿಸಿ ಎಂದು ಕೊಂಡದ್ದು ಆ ಹೊತ್ತಿಗೆ 618 ಕೊಡುತ್ತದೆ. ನಮ್ಮ ಉದಾಹರಣೆಗೆ ಅಷ್ಟು ಸಾಕು. ರಿಟರ್ನ್ ಇಲ್ಲ ಎಂಬ ಒಂದೇ ಕಾರಣಕ್ಕೆ ಇಡೀ ಸಿಸ್ಟಮ್ ಬದಲಿಸಬೇಕಿಲ್ಲ, ಇಸಿಯು ಮ್ಯಾಪಿಗೆ (ಎಷ್ಟು ಇಂಧನ ಎಂದು ಹೇಳುವ ಪಟ್ಟಿಗೆ) ಆ ವಿಷಯ ಗೊತ್ತಿದ್ದರಾಯಿತು.

ಕೊಳ್ಳುವಾಗ ಸಿಸಿಗಿಂತ ಮುಖ್ಯವಾದದ್ದು ಜೊತೆಗೆ ಬರುವ ಡೇಟಾ. ಇಂಜೆಕ್ಟರಿಗೆ ಕರೆಂಟ್ ಬಂದ ಮೇಲೆ ಅದು ನಿಜಕ್ಕೂ ತೆರೆಯಲು ತೆಗೆದುಕೊಳ್ಳುವ ಸಮಯವೇ ಡೆಡ್ ಟೈಮ್. ಬ್ಯಾಟರಿ ವೋಲ್ಟೇಜ್ ಇಳಿದಂತೆ ಅದು ಹೆಚ್ಚುತ್ತದೆ. ವೋಲ್ಟೇಜಿಗೆ ತಕ್ಕ ಡೆಡ್ ಟೈಮ್ ಪಟ್ಟಿ ಮತ್ತು ತೀರಾ ಚಿಕ್ಕ ಪಲ್ಸಿನಲ್ಲಿ ಬೇಕಾದ ತಿದ್ದುಪಡಿ ಎರಡೂ ಇಲ್ಲದಿದ್ದರೆ ಮ್ಯಾಪ್ ತಿದ್ದುವ ಟ್ಯೂನರ್ ಕತ್ತಲಲ್ಲಿ ತಡಕಾಡಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಕಾರು ಚೆನ್ನಾಗಿ ಓಡಿ, ಸಿಗ್ನಲ್ಲಿನಲ್ಲಿ ಐಡಲ್ ಏರಿಳಿಯುತ್ತ, ಎಸಿ ಹಾಕಿದ ಕೂಡಲೇ ಆಫ್ ಆಗುವುದು ಬಹುಪಾಲು ಇದೇ ಕಾರಣಕ್ಕೆ. ಬಾಷ್ ಇವಿ14 ಮಾದರಿಯವು ಹರಿವು ದೊಡ್ಡದಿದ್ದರೂ ಚಿಕ್ಕ ಪಲ್ಸಿನಲ್ಲಿ ಹಿಡಿತ ತಪ್ಪುವುದಿಲ್ಲ; ಹಳೆಯ ಕಾಲದ ದೊಡ್ಡ ಇಂಜೆಕ್ಟರುಗಳಿಗೆ ಆ ಗುಣವಿಲ್ಲ.

ಕೂರಿಸುವ ಮೊದಲು ಮಲ್ಟಿಮೀಟರಿನಲ್ಲಿ ರೆಸಿಸ್ಟನ್ಸ್ ನೋಡಿ. 12ರಿಂದ 16 ಓಮ್ ಬಂದರೆ ಹೈ ಇಂಪಿಡೆನ್ಸ್, ಈಗಿನ ಹೆಚ್ಚಿನ ಇಸಿಯುಗಳಿಗೆ ಬೇಕಾದ್ದು ಅದೇ. 2ರಿಂದ 4 ಓಮ್ ಇದ್ದದ್ದನ್ನು ಹಾಗೇ ಸಿಕ್ಕಿಸಿದರೆ ಇಸಿಯುವಿನ ಡ್ರೈವರ್ ಸುಡುತ್ತದೆ. ಉದ್ದ, ಕನೆಕ್ಟರ್, ತುದಿಯ ಸ್ಪ್ರೇ ನಿಮ್ಮ ಇನ್‌ಟೇಕ್ ಪೋರ್ಟಿಗೆ ಹೊಂದುತ್ತವೆಯೇ ನೋಡಿ. ಓ-ರಿಂಗ್ ವೈಟಾನ್ ರಬ್ಬರಿನದಾಗಿರಲಿ, ಒಂದು ಹನಿ ಇಂಜಿನ್ ಆಯಿಲ್ ಸವರಿ, ನೇರವಾಗಿ ಒತ್ತಿ. ಒಣ ಓ-ರಿಂಗನ್ನು ತಿರುಚಿ ಕೂರಿಸಿದರೆ ಅಂಚು ಕತ್ತರಿಸಿ ಬಿಸಿ ಇಂಜಿನ್ನಿನ ಮೇಲೆಯೇ ಸೋರುತ್ತದೆ.

ಪಂಪು: ಪೆಟ್ಟಿಗೆಯ ಮೇಲಿನ ಅಂಕಿಯಲ್ಲ, ಚಾರ್ಟ್

255 ಎಂದೋ 340 ಎಂದೋ ಹೆಸರಾಗಿರುವ ಪಂಪುಗಳ ಆ ಅಂಕಿ ಸಾಮಾನ್ಯವಾಗಿ 40 ಪಿಎಸ್‌ಐ ಒತ್ತಡ, 13.5 ವೋಲ್ಟಿನಲ್ಲಿ ಗಂಟೆಗೆ ಹರಿಯುವ ಲೀಟರು. ನಿಮ್ಮ ಕಾರಿನಲ್ಲಿ ರೆಗ್ಯುಲೇಟರ್ ಬೂಸ್ಟಿಗೆ ತಕ್ಕಂತೆ ಒತ್ತಡ ಏರಿಸುತ್ತಿದ್ದರೆ ಬೇಸ್ (ಬೂಸ್ಟ್ ಇಲ್ಲದಾಗಿನ ಒತ್ತಡ) 3 ಬಾರ್, ಬೂಸ್ಟ್ 1.2, ಫಿಲ್ಟರು ಪೈಪುಗಳಲ್ಲಿ ಕಳೆಯುವುದು 0.3: ಪಂಪು ಕೆಲಸ ಮಾಡಬೇಕಾದ್ದು 4.5 ಬಾರ್, ಅಂದರೆ 65 ಪಿಎಸ್‌ಐ ಎದುರು. ಒತ್ತಡ ಏರಿದಂತೆ ಹರಿವು ಇಳಿಯುತ್ತದೆ. ತಯಾರಕರ ಚಾರ್ಟಿನಲ್ಲಿ 65 ಪಿಎಸ್‌ಐ, 13 ವೋಲ್ಟಿನ ಜಾಗಕ್ಕೆ ಬೆರಳಿಟ್ಟು 140 ಲೀಟರಿಗಿಂತ ಮೇಲಿದೆಯೇ ನೋಡಿ. ಚಾರ್ಟೇ ಇಲ್ಲದ ಪಂಪನ್ನು ಬಿಟ್ಟುಬಿಡಿ.

ಅಸಲಿ ವಾಲ್‌ಬ್ರೊ 255 ಈ ಕೆಲಸಕ್ಕೆ ಸಾಕು. ದೊಡ್ಡದಿರಲಿ ಎಂದು 340 ಅಥವಾ 450 ಹಾಕುವುದರಿಂದ 300 ಬಿಎಚ್‌ಪಿ ಕಾರಿಗೆ ಲಾಭಕ್ಕಿಂತ ತೊಂದರೆಯೇ ಜಾಸ್ತಿ. ಐಡಲ್‌ನಲ್ಲಿ ಇಂಜಿನ್ ಗಂಟೆಗೆ ಒಂದೆರಡು ಲೀಟರ್ ಕುಡಿಯುವಾಗ ಉಳಿದದ್ದೆಲ್ಲ ರಿಟರ್ನ್ ಪೈಪಿನಲ್ಲಿ ವಾಪಸು ಬರಬೇಕು. ಮೂಲ ರಿಟರ್ನ್ ಪೈಪು ಅಷ್ಟನ್ನು ಬಿಡದಿದ್ದರೆ ರೆಗ್ಯುಲೇಟರನ್ನು ಪೂರ್ತಿ ಸಡಿಲಿಸಿದರೂ ಒತ್ತಡ 3ಕ್ಕೆ ಇಳಿಯದೆ 3.6ರಲ್ಲೇ ನಿಲ್ಲುತ್ತದೆ, ಐಡಲ್ ರಿಚ್ ಆಗುತ್ತದೆ, ಅಂದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಜೊತೆಗೆ ಇಂಜಿನ್ನಿನ ಬಿಸಿಯನ್ನು ಹೊತ್ತು ಸುತ್ತುವ ಪೆಟ್ರೋಲ್ ಟ್ಯಾಂಕನ್ನೇ ಕಾಯಿಸುತ್ತದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನ, ಟ್ಯಾಂಕಿನಲ್ಲಿ ಏಳೆಂಟು ಲೀಟರ್ ಉಳಿದಿದ್ದಾಗ ಪಂಪು ಕಿರುಗುಟ್ಟಲು ಶುರುವಾಯಿತೆಂದರೆ ಪೆಟ್ರೋಲ್ ಆವಿಯಾಗಿ ಗುಳ್ಳೆ ಎಳೆಯುತ್ತಿದೆ ಎಂದರ್ಥ.

ವಾಲ್‌ಬ್ರೊ 255, ಬಾಷ್ 044 ಎರಡೂ ಪಂಪುಗಳಿಗೆ ನಕಲಿಗಳು ಧಾರಾಳವಾಗಿ ಓಡಾಡುತ್ತಿವೆ. ಬೆಲೆ ಅಸಲಿಯ ಅರ್ಧವಿದ್ದರೆ ಅನುಮಾನಪಡಲು ಅಷ್ಟು ಸಾಕು. ಹಾಕುವ ಮುಂಚೆ ಹರಿವು ಅಳೆಯುವ ವರ್ಕ್‌ಶಾಪಿನಲ್ಲಿ ಒತ್ತಡದ ಎದುರು ಓಡಿಸಿ ನೋಡಿಸಿ.

ವೈರಿಂಗ್

ಹಣ ಕಡಿಮೆ, ಲಾಭ ಹೆಚ್ಚು ಇರುವ ಜಾಗ ಇದು. 13.5 ವೋಲ್ಟ್ ಬರಬೇಕಾದ ಪಂಪಿಗೆ 12 ಬಂದರೆ ಹರಿವಿನಲ್ಲಿ ಶೇ. 15 ಅಥವಾ ಅದಕ್ಕೂ ಹೆಚ್ಚು ಹೋಗುತ್ತದೆ. ನೀವು ಇಟ್ಟುಕೊಂಡ ಮೀಸಲು ಅಲ್ಲೇ ಮುಗಿಯಿತು. ಇಪ್ಪತ್ತು ವರ್ಷದ ಕಾರಿನ ತೆಳ್ಳಗಿನ ವೈರು, ಹಸಿರು ಹಿಡಿದ ಅರ್ತ್ ಪಾಯಿಂಟು, ಕರಕಲಾದ ರಿಲೇ ಸಾಕೆಟ್, ಮೂರೂ ಸೇರಿ ಒಂದೂವರೆ ವೋಲ್ಟ್ ನುಂಗುವುದು ಅಪರೂಪವಲ್ಲ.

ಅಳೆಯುವ ರೀತಿ ಹೀಗೆ. ಇಂಜಿನ್ ಓಡುತ್ತಿರುವಾಗ ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಪಂಪಿನ ಕನೆಕ್ಟರಿನ ಪ್ಲಸ್ಸಿಗೆ. ಮೀಟರಿನಲ್ಲಿ ಕಾಣುವುದು ದಾರಿಯಲ್ಲಿ ಕಳೆದುಹೋದ ವೋಲ್ಟೇಜ್, 0.5 ದಾಟಬಾರದು. ಅದೇ ರೀತಿ ಮೈನಸ್ ಕಡೆ ಅಳೆಯಿರಿ, 0.2 ದಾಟಬಾರದು. ಹೆಚ್ಚಿನವರು ಪ್ಲಸ್ ಕಡೆ ದಪ್ಪ ವೈರು ಎಳೆದು ಅರ್ತನ್ನು ಹಳೆಯದೇ ಬಿಡುತ್ತಾರೆ, ಆಗ ಅರ್ಧ ಕೆಲಸ ಮಾಡಿದಂತೆ.

ದಾಟಿದ್ದರೆ ಬ್ಯಾಟರಿಯಿಂದ ನೇರವಾಗಿ 4 ಚದರ ಮಿಮೀ ವೈರು, ಬ್ಯಾಟರಿಯ ಪಕ್ಕದಲ್ಲೇ 20 ಆಂಪ್ ಫ್ಯೂಸ್, 40 ಆಂಪ್ ರಿಲೇ. ಪಂಪಿನ ಹಳೆಯ ಪ್ಲಸ್ ವೈರನ್ನು ಈಗ ರಿಲೇ ಕಾಯಿಲಿಗೆ ಕೊಡಿ. ಹೀಗೆ ಮಾಡಿದರೆ ಇಂಜಿನ್ ನಿಂತಾಗ, ಅಪಘಾತವಾದಾಗ ಇಸಿಯು ಪಂಪನ್ನು ನಿಲ್ಲಿಸುವ ವ್ಯವಸ್ಥೆ ಹಾಗೇ ಉಳಿಯುತ್ತದೆ. ಇಗ್ನಿಷನ್‌ನಿಂದ ನೇರ ಸ್ವಿಚ್ಚಿಗೆ ಪಂಪನ್ನು ಯಾವತ್ತೂ ಕಟ್ಟಬೇಡಿ. ಕಾರು ಮಗುಚಿದ ಮೇಲೂ ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಪಂಪಿನ ವೇಗವನ್ನು ಬೇರೊಂದು ಮಾಡ್ಯೂಲ್ ನಿಯಂತ್ರಿಸುವ ಹೊಸ ಕಾರುಗಳಿಗೆ ಈ ರಿಲೇ ವಿಧಾನ ಹೊಂದುವುದಿಲ್ಲ.

ಟ್ಯಾಂಕಿನೊಳಗೆ

ಕಾಲು ಟ್ಯಾಂಕಿಗಿಂತ ಕಡಿಮೆ ಪೆಟ್ರೋಲ್ ಇರುವಾಗ, ಬಯಲಿನಲ್ಲೋ ಚೆನ್ನಾಗಿ ಗಾಳಿಯಾಡುವ ಶೆಡ್ಡಿನಲ್ಲೋ ಕೆಲಸ ಹಿಡಿಯಿರಿ. ಡ್ರೈ ಪೌಡರ್ ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಪಂಪಿನ ಫ್ಯೂಸ್ ಕಿತ್ತು, ಇಂಜಿನ್ ಸ್ಟಾರ್ಟ್ ಮಾಡಿ ತಾನೇ ನಿಲ್ಲುವವರೆಗೆ ಬಿಡಿ. ಲೈನಿನ ಒತ್ತಡ ಇಳಿಯುತ್ತದೆ. ಆಮೇಲೆ ಬ್ಯಾಟರಿಯ ಮೈನಸ್ ತೆಗೆಯಿರಿ. ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಕೆಳಗೇ ಮುಚ್ಚಳವಿರುತ್ತದೆ. ಸುತ್ತಲಿನ ಧೂಳನ್ನು ಮೊದಲು ವ್ಯಾಕ್ಯೂಮ್ ಮಾಡಿ, ತೆರೆದ ಮೇಲೆ ಮಾಡುವುದಲ್ಲ. ಲಾಕ್ ರಿಂಗನ್ನು ಉಕ್ಕಿನ ಉಳಿ ಸುತ್ತಿಗೆಯಿಂದ ಬಡಿಯಬೇಡಿ, ಕಿಡಿ ಹಾರುತ್ತದೆ. ಹಿತ್ತಾಳೆಯ ಉಳಿ ಅಥವಾ ರಿಂಗಿಗೆಂದೇ ಇರುವ ಟೂಲ್ ಬಳಸಿ. ಮುಚ್ಚಳದ ದೊಡ್ಡ ರಬ್ಬರ್ ರಿಂಗ್ ಒಮ್ಮೆ ಹೊರಬಂದರೆ ಉಬ್ಬಿ ಮತ್ತೆ ತನ್ನ ಜಾಗದಲ್ಲಿ ಕೂರುವುದಿಲ್ಲ. ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ.

ಮೇಲಿಂದ ಮೇಲೆ ಆಗುವ ಎಡವಟ್ಟು ಒಂದು ಗೇಣು ಹೋಸ್ ಪೈಪಿನದು. ಪಂಪಿನಿಂದ ಮುಚ್ಚಳದವರೆಗೆ ಹೋಗುವ ಈ ತುಂಡು ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಹೊರಗೆ ಬಳಸುವ ಒಳ್ಳೆಯ ಇಂಜೆಕ್ಷನ್ ಹೋಸ್, ಅಂದರೆ ಜೆ30ಆರ್9 ಗುರುತಿನದು, ಒಳಗಿನಿಂದ ಮಾತ್ರ ಪೆಟ್ರೋಲ್ ತಡೆಯುವಂತೆ ಮಾಡಿದ್ದು. ಅದನ್ನು ಮುಳುಗಿಸಿಟ್ಟರೆ ಹೊರಪದರ ಕೆಲವೇ ತಿಂಗಳಲ್ಲಿ ಉಬ್ಬಿ, ಮೆತ್ತಗಾಗಿ, ಕ್ಲಿಪ್ಪಿನ ಕೆಳಗೆ ಬಿರಿಯುತ್ತದೆ. ಆಗ ಪಂಪಿನ ಒತ್ತಡ ಟ್ಯಾಂಕಿನೊಳಗೇ ಸೋರಿಹೋಗುತ್ತದೆ, ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಐಡಲ್ ಸರಿಯಾಗಿರುತ್ತದೆ, ಬೂಸ್ಟಿನಲ್ಲಿ ಮಾತ್ರ ಲೀನ್. ಟ್ಯೂನರ್ ವಾರಗಟ್ಟಲೆ ಮ್ಯಾಪ್ ತಿದ್ದುತ್ತ ಕೂರುತ್ತಾನೆ. ಮೈಮೇಲೆ ಜೆ30ಆರ್10 ಎಂದು ಅಚ್ಚಾಗಿರುವ ಮುಳುಗುವ ಹೋಸನ್ನೇ ಕೇಳಿ ತನ್ನಿ. ತೂತು ತೂತಾಗಿರುವ ಸ್ಕ್ರೂ ಕ್ಲಿಪ್ಪು ರಬ್ಬರನ್ನು ಕೊಯ್ಯುತ್ತದೆ. ಒಳಮೈ ನಯವಾಗಿರುವ ಇಂಜೆಕ್ಷನ್ ಕ್ಲ್ಯಾಂಪ್ ಹಾಕಿ.

ಪಂಪಿನ ಬಾಯಿಗಿರುವ ಜರಡಿಯ ಸಾಕ್ಸು ಟ್ಯಾಂಕಿನ ತಳ ಮುಟ್ಟಬೇಕು, ಗೇಜಿನ ತೇಲುವ ಕಡ್ಡಿಗೆ ಅಡ್ಡ ಬರಬಾರದು. ಕೂರಿಸಿದ ಮೇಲೆ ಕಡ್ಡಿಯನ್ನು ಮೇಲಿಂದ ಕೆಳಗೆ ಆಡಿಸಿ ನೋಡಿ. ಎರಡು ಗುಂಡಿಯ ಟ್ಯಾಂಕಾದರೆ ಒಂದರಿಂದ ಇನ್ನೊಂದಕ್ಕೆ ಪೆಟ್ರೋಲ್ ಎಳೆಯುವ ಜೆಟ್ ಪಂಪಿನ ಪೈಪನ್ನು ಬಿಟ್ಟುಬಿಡಬೇಡಿ, ಇಲ್ಲದಿದ್ದರೆ ಗೇಜಿನಲ್ಲಿ ಅರ್ಧ ಟ್ಯಾಂಕ್ ಇದ್ದೂ ಕಾರು ನಿಲ್ಲುತ್ತದೆ. ಚಾರ್ಮಾಡಿ, ಆಗುಂಬೆಯ ಹೇರ್‌ಪಿನ್ನುಗಳಲ್ಲಿ ಕಡಿಮೆ ಪೆಟ್ರೋಲಿಟ್ಟು ಏರಿಸಿದರೆ ಸಾಕ್ಸು ಬರಿದಾಗಿ ಗಾಳಿ ಎಳೆಯುತ್ತದೆ. ರಸ್ತೆ ಕಾರಿಗೆ ಇದರ ಮದ್ದು ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಯಗೊಡದಿರುವುದು, ಪಂಪಿಗೆ ಸದಾ ಪೆಟ್ರೋಲ್ ಸಿಗುವಂತೆ ಇಡುವ ಪುಟ್ಟ ಸರ್ಜ್ ಟ್ಯಾಂಕಿನ ಅಗತ್ಯ ಟ್ರ್ಯಾಕಿಗೆ ಹೋಗುವವರಿಗೆ ಮಾತ್ರ.

ಪೈಪು, ಫಿಲ್ಟರ್, ರೆಗ್ಯುಲೇಟರ್

8 ಮಿಮೀ ಒಳವ್ಯಾಸದ ಮೂಲ ಲೋಹದ ಪೈಪು 300 ಬಿಎಚ್‌ಪಿಗೆ ಧಾರಾಳ. ಹೆಣಿಗೆ ಮೈಯ ಬಣ್ಣದ ಹೋಸು, ನೀಲಿ ಕೆಂಪು ಫಿಟ್ಟಿಂಗು ನೋಡಲು ಚೆನ್ನ, ಆದರೆ ಪ್ರತಿ ಹೊಸ ಜಾಯಿಂಟೂ ಸೋರಬಹುದಾದ ಒಂದು ಜಾಗ. ರಬ್ಬರ್ ಹೋಸ್ ಹೊಸದಾಗಿ ಹಾಕಬೇಕಾದಲ್ಲಿ ಎಥನಾಲಿಗೆ ಒಗ್ಗುವಂಥದ್ದನ್ನೇ ಹಾಕಿ, ಎಕ್ಸಾಸ್ಟಿನಿಂದ ದೂರವಿಡಿ.

ಪಂಪಿನ ನಂತರದ ಫಿಲ್ಟರ್ 10 ಮೈಕ್ರಾನಿನದಿರಲಿ. ಹಳೆಯ ಕಾರು ಇ20ಗೆ ಬಂದಾಗ ಎಥನಾಲ್ ಟ್ಯಾಂಕಿನ ಗೋಡೆಗೆ ಅಂಟಿದ್ದ ಹಳೆಯ ಗಸಿಯನ್ನು ಕರಗಿಸಿ ಫಿಲ್ಟರಿಗೆ ತುಂಬುತ್ತದೆ. ಪಂಪು ಬದಲಿಸಿದ ಮೇಲೆ ಮೊದಲ ಫಿಲ್ಟರನ್ನು 1000 ಕಿಲೋಮೀಟರಿಗೇ ತೆಗೆದುಬಿಡಿ.

ರಿಟರ್ನ್ ಪೈಪು ಇರುವ ಕಾರಿನಲ್ಲಿ ರೆಗ್ಯುಲೇಟರ್ ರೇಲಿನ ನಂತರ ಕೂರಬೇಕು. ಒಂದು ಬಾರ್ ಬೂಸ್ಟಿಗೆ ಒಂದು ಬಾರ್ ಏರಿಸುವಂಥದ್ದನ್ನೇ ಆರಿಸಿ. ಬೇಸ್ ಒತ್ತಡ ಹೊಂದಿಸುವಾಗ ಇಂಜಿನ್ ಐಡಲ್‌ನಲ್ಲಿರಲಿ, ವ್ಯಾಕ್ಯೂಮ್ ಪೈಪು ಕಿತ್ತು ತುದಿ ಮುಚ್ಚಿ. 3 ಬಾರ್‌ಗೆ ನಿಲ್ಲಿಸಿ ಪೈಪು ಮತ್ತೆ ಸಿಕ್ಕಿಸಿದರೆ 2.4ರ ಹತ್ತಿರ ಇಳಿಯಬೇಕು. ಇಳಿಯದಿದ್ದರೆ ಡಯಾಫ್ರಮ್ ಅಥವಾ ಪೈಪು ಕೆಟ್ಟಿದೆ. ಆ ಪೈಪಿನ ಎರಡೂ ತುದಿಗೆ ಕ್ಲ್ಯಾಂಪ್ ಹಾಕಿ, ಬೂಸ್ಟ್ ಗೇಜಿಗೆಂದು ಅದರಿಂದ ಕವಲು ತೆಗೆಯಬೇಡಿ. ಬೂಸ್ಟಿನಲ್ಲಿ ಅದು ಕಳಚಿದರೆ ಒತ್ತಡ ಬೇಸಿಗೇ ನಿಂತು ಇಂಜಿನ್ ಲೀನ್ ಆಗುತ್ತದೆ.

ಪರೀಕ್ಷೆ ಮತ್ತು ಲಾಗು

ಮೊದಲು ಇಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ನಾಲ್ಕೈದು ಸಲ ಆನ್ ಆಫ್ ಮಾಡಿ, ಪ್ರತಿ ಜಾಯಿಂಟಿಗೂ ಟಿಶ್ಯೂ ಪೇಪರ್ ಒತ್ತಿ ನೋಡಿ. ಒಣಗಿದ್ದರೆ ಮಾತ್ರ ಸ್ಟಾರ್ಟ್. ಇಸಿಯುವಿನಲ್ಲಿ ಹೊಸ ಇಂಜೆಕ್ಟರಿನ ಡೇಟಾ ತುಂಬದೆ ಟ್ಯೂನರ್ ಬಳಿಗೆ ಓಡಿಸಿಕೊಂಡು ಹೋಗುವ ಸಾಹಸ ಬೇಡ, ಟ್ರಕ್ಕಿನಲ್ಲಿ ಸಾಗಿಸಿ.

ಎಕ್ಸಾಸ್ಟಿನಲ್ಲಿ ಕೂರುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಜೊತೆಗೆ 0ರಿಂದ 10 ಬಾರ್ ಅಳೆಯುವ ಫ್ಯುಯಲ್ ಪ್ರೆಶರ್ ಸೆನ್ಸರನ್ನೂ ಹಾಕಿಸಿ. ಎರಡನ್ನೂ ಒಟ್ಟಿಗೆ ಲಾಗ್ ಮಾಡದೆ ದೋಷ ಎಲ್ಲಿದೆ ಎಂದು ಹೇಳಲಾಗದು. ಗೇಜನ್ನು ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಬದಲು ಲ್ಯಾಂಬ್ಡಾದಲ್ಲಿ ಓದಿ. ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ ಇದ್ದರೆ ಲ್ಯಾಂಬ್ಡಾ 1, ಅದಕ್ಕಿಂತ ಕಡಿಮೆ ಎಂದರೆ ರಿಚ್. ಎಎಫ್‌ಆರ್ ಗೇಜು 14.7 ಅನ್ನೇ ಆಧಾರವಾಗಿಟ್ಟು ಅಂಕಿ ತೋರಿಸುತ್ತದೆ, ಇ20 ಇರುವಾಗ ಅದನ್ನು ನಿಜವಾದ ಅನುಪಾತವೆಂದು ನಂಬಿದರೆ ಲೆಕ್ಕ ತಪ್ಪುತ್ತದೆ. ಪೂರ್ತಿ ಬೂಸ್ಟಿನಲ್ಲಿ ಲ್ಯಾಂಬ್ಡಾ 0.78ರಿಂದ 0.82 ಸುರಕ್ಷಿತ ಜಾಗ.

ಬೂಸ್ಟಿಗೆ ತಕ್ಕಂತೆ ಏರುವ ರೆಗ್ಯುಲೇಟರ್ ಇದ್ದಲ್ಲಿ, ರೇಲ್ ಒತ್ತಡದಿಂದ ಬೂಸ್ಟ್ ಕಳೆದರೆ ಐಡಲ್‌ನಿಂದ ರೆಡ್‌ಲೈನ್‌ವರೆಗೆ 3 ಬಾರ್ ಉಳಿಯಬೇಕು. ಆರ್‌ಪಿಎಂ ಏರಿದಂತೆ ಅದು 2.8, 2.6 ಎಂದು ಜಾರಿದರೆ ದೋಷ ಪಂಪು, ವೈರು, ಫಿಲ್ಟರು, ಇಲ್ಲವೇ ಟ್ಯಾಂಕಿನೊಳಗಿನ ಆ ಹೋಸಿನಲ್ಲಿ. ಒತ್ತಡ ಅಲುಗದೆ ಲ್ಯಾಂಬ್ಡಾ ಮಾತ್ರ ಲೀನ್ ಆದರೆ ಇಂಜೆಕ್ಟರ್ ಅಥವಾ ಮ್ಯಾಪ್. ಒತ್ತಡ ಜಾರುತ್ತಿರುವಾಗ ಮ್ಯಾಪಿನಲ್ಲಿ ಇಂಧನ ಹೆಚ್ಚಿಸಿ ಮುಚ್ಚಿಹಾಕುವ ಟ್ಯೂನರ್ ಕೈಗೆ ಕಾರು ಕೊಡಬೇಡಿ.

ಒಂದೊಂದು ಬಂಕಿನ ಪೆಟ್ರೋಲ್ ಮೇಲೆ ಅನುಮಾನವಿದ್ದರೆ ಅಳತೆ ಗುರುತಿರುವ ಗಾಜಿನ ಜಾಡಿಯಲ್ಲಿ 90 ಮಿಲಿ ಪೆಟ್ರೋಲ್, 10 ಮಿಲಿ ನೀರು ಹಾಕಿ ಕುಲುಕಿ ಹತ್ತು ನಿಮಿಷ ಬಿಡಿ. ಎಥನಾಲ್ ನೀರಿನ ಜೊತೆ ಕೆಳಗಿಳಿಯುತ್ತದೆ. ಕೆಳಪದರ 28 ಮಿಲಿಯ ಆಸುಪಾಸಿದ್ದರೆ ಇ20.

ಡೈರೆಕ್ಟ್ ಇಂಜೆಕ್ಷನ್ ಕಾರಾದರೆ

ಪೊಲೊ ಜಿಟಿ ಟಿಎಸ್‌ಐ, ಈಚಿನ ಆಕ್ಟೇವಿಯಾಗಳ ಟಿಎಸ್‌ಐ ಇಂಜಿನ್ನುಗಳಿಗೆ ಮೇಲಿನ ಇಂಜೆಕ್ಟರ್ ಲೆಕ್ಕ ಅನ್ವಯಿಸದು. ಸಿಲಿಂಡರಿನೊಳಗೇ ಸಿಂಪಡಿಸುವುದರಿಂದ ಸಮಯ ತೀರಾ ಕಡಿಮೆ: 6500 ಆರ್‌ಪಿಎಂನಲ್ಲಿ ಪಿಸ್ಟನ್ ಒಂದು ಸಲ ಇಳಿಯಲು 4.6 ಮಿಲಿಸೆಕೆಂಡ್. ನೂರಕ್ಕೂ ಹೆಚ್ಚು ಬಾರ್ ಒತ್ತಡ ಬೇಕಾಗಿರುವುದು ಅದಕ್ಕೇ. ಟರ್ಬೊ ಬದಲಿಸದೆ ಬರೀ ಸ್ಟೇಜ್ 1 ರೀಮ್ಯಾಪ್ (ಇಸಿಯು ಮ್ಯಾಪನ್ನಷ್ಟೇ ಬದಲಿಸುವುದು) ಮಾಡಿಸುವವರಿಗೆ ಸಾಮಾನ್ಯವಾಗಿ ಮೂಲ ವ್ಯವಸ್ಥೆಯೇ ಸಾಕು. ಲಾಗಿನಲ್ಲಿ ಇಸಿಯು ಕೇಳಿದ ರೇಲ್ ಒತ್ತಡ, ಸಿಕ್ಕಿದ ಒತ್ತಡ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಕೊರತೆ ಕಂಡರೆ ಮೊದಲು ಟ್ಯಾಂಕಿನ ಪಂಪು ಮತ್ತು ಫಿಲ್ಟರ್, ಆಮೇಲೆ ಕ್ಯಾಮ್‌ನಿಂದ ಓಡುವ ಹೈ ಪ್ರೆಶರ್ ಪಂಪು. ಆ ಲೈನನ್ನು ಒತ್ತಡ ಇಳಿಸದೆ ಬಿಚ್ಚಿದರೆ ಪೆಟ್ರೋಲ್ ಚರ್ಮವನ್ನೇ ಕೊರೆದು ಒಳಗಿಳಿಯುತ್ತದೆ, ಹಾಗಾಗಿ ಅದು ಮನೆಯಂಗಳದಲ್ಲಿ ಮಾಡುವ ಕೆಲಸವಲ್ಲ.

ಕೊಳ್ಳುವ ಮೊದಲು ಇನ್ನೆರಡು ವಿಷಯ. ತಯಾರಕರು ಕೊಟ್ಟ ಮೂಲ ವಿವರಗಳಿಂದ ದೂರ ಸರಿಯುವಂತೆ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನಿರ್ಬಂಧಿಸುತ್ತದೆ; ವಾರಂಟಿ ಇದ್ದರೆ ಅದೂ ಹೋಗುತ್ತದೆ, ವಿಮೆ ಕ್ಲೇಮಿಗೆ ತಕರಾರು ಬರಬಹುದು. ಮೂಲ ಪಂಪು, ಇಂಜೆಕ್ಟರ್, ರೆಗ್ಯುಲೇಟರ್ ಮೂರನ್ನೂ ಬಾಯಿ ಮುಚ್ಚಿ, ಇಂಜೆಕ್ಟರುಗಳಿಗೆ ಯಾವ ಸಿಲಿಂಡರಿನದು ಎಂದು ಚೀಟಿ ಅಂಟಿಸಿ ತೆಗೆದಿಡಿ. ಹೊಸ ಪಂಪು ಊರಾಚೆ ಕೈಕೊಟ್ಟರೆ ಹಳೆಯದನ್ನು ಹಾಕಿ, ಬೂಸ್ಟ್ ಏರಿಸದೆ ಮನೆ ಸೇರಬಹುದು.